ಭಟ್ರ ಗಾಡಿಯ ನಾಲ್ಕು ಬೋಲ್ಟು

ಹಳೆಯ ಮೋಟಾರ್ ಸೈಕಲ್ಲಿನ ಹೆಡ್ ಬೋಲ್ಟು ಬಿಗಿಸುವುದು ಹತ್ತು ನಿಮಿಷದ ಕೆಲಸ. ಮಾತಾಡುತ್ತಾ ಮಾಡಿದರೆ ಹದಿನೈದು. ಅದೇ ಕೆಲಸವನ್ನು ಒಂದೇ ಗಾಡಿಗೆ ಒಂದೇ ವಾರದಲ್ಲಿ ಎರಡು ಸಲ ಮಾಡಿ, ನಡುವೆ ಸುಳ್ಳನ್ನೂ ಹೇಳಿ ನಾನು ಸುಸ್ತಾದದ್ದು ಹೋದ ವರ್ಷ, ದೀಪಾವಳಿ ಕಳೆದ ಮೇಲೆ. ಆ ಸುಸ್ತು ಇನ್ನೂ ಪೂರ್ತಿ ಬಿಟ್ಟಿಲ್ಲ.

ನನ್ನದು ಶಕ್ತಿನಗರದ ಏರುರಸ್ತೆಯ ಬದಿಯಲ್ಲಿ ಶೀಟು ಹಾಕಿದ ಗ್ಯಾರೇಜು. ಮೂವತ್ತೈದು ವರ್ಷದಿಂದ ಅಲ್ಲೇ ಇದ್ದೇನೆ. ಒಂದು ಕಾಲದಲ್ಲಿ ಮೂರು ಜನ ಕೆಲಸಕ್ಕಿದ್ದರು. ಒಬ್ಬೊಬ್ಬರಾಗಿ ಬಿಟ್ಟರು. ಇಬ್ಬರು ಗಲ್ಫಿಗೆ ಹೋದರು, ಒಬ್ಬ ಈಗ ಮೀನು ಸಾಗಿಸುವ ಲಾರಿ ಓಡಿಸುತ್ತಾನೆ. ಹೊಸ ಗಾಡಿಗಳೆಲ್ಲ ಕಂಪೆನಿಯ ಸರ್ವಿಸ್ ಸೆಂಟರಿಗೇ ಹೋಗುತ್ತವೆ. ಅವುಗಳ ರೋಗವನ್ನು ಕಂಪ್ಯೂಟರ್ ಹೇಳುತ್ತದಂತೆ. ಹೇಳಲಿ. ನನ್ನಲ್ಲಿಗೆ ಬರುವುದು ಕಂಪ್ಯೂಟರಿಗೆ ಗುರುತು ಸಿಗದ ಮುದಿ ಗಾಡಿಗಳು, ಮತ್ತು ಅವನ್ನು ಬಿಡಲಾರದ ಮುದಿ ಮನುಷ್ಯರು.

ಹೆಡ್ ಬೋಲ್ಟು ಅಂದರೆ ಎಂತದು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಜಿನ್ನಿನಲ್ಲಿ ಬೆಂಕಿ ಹುಟ್ಟುವ ಕೊಳವೆ ಸಿಲಿಂಡರ್. ಅದರ ಬಾಯಿಯ ಮುಚ್ಚಳ ಹೆಡ್. ಇವೆರಡರ ನಡುವೆ ಗಾಳಿ ಸೋರದ ಹಾಗೆ ತಾಮ್ರದ ತೆಳು ಬಿಲ್ಲೆಯೊಂದು ಕೂರುತ್ತದೆ, ಅದು ಗ್ಯಾಸ್ಕೆಟ್. ಇಷ್ಟನ್ನೂ ಅಮುಕಿ ಹಿಡಿಯುವುದು ನಾಲ್ಕು ಮೂಲೆಯ ನಾಲ್ಕು ಬೋಲ್ಟು. ಒಂದನ್ನೇ ಪೂರ್ತಿ ಬಿಗಿಸಿ ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ, ಹೀಗೆ ಕತ್ತರಿಯಾಗಿ ಮೂರು ಸುತ್ತು ಹೋಗಬೇಕು. ಮೊದಲ ಎರಡು ಸುತ್ತನ್ನು ಯಾರಾದರೂ ಮಾಡಿಯಾರು. ಮೂರನೆಯದರಲ್ಲೇ ಇರುವುದು ವಿದ್ಯೆ. ಕಡಿಮೆ ಬಿಗಿದರೆ ಸೋರುತ್ತದೆ. ಹೆಚ್ಚು ಬಿಗಿದರೆ ಸಿಲಿಂಡರಿನ ಒಳಗೆ ಬೋಲ್ಟು ಕಚ್ಚಿ ಹಿಡಿಯುವ ತಿರುಪಿನ ಗೆರೆ, ನಾವು ಮರೆ ಅನ್ನುವುದು, ಕಿತ್ತು ಬರುತ್ತದೆ. ಹಳೆ ಗಾಡಿಯಾದರೆ ಆಮೇಲೆ ಇಡೀ ದೇಶ ಹುಡುಕಿದರೂ ಬೇರೆ ಸಿಲಿಂಡರ್ ಸಿಗುವುದಿಲ್ಲ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದನ್ನು ಕೈ ಹೇಳುತ್ತದೆ. ನನಗೆ ಕೆಲಸ ಕಲಿಸಿದವರದ್ದು ಕದ್ರಿ ಗುಡ್ಡದ ಕೆಳಗೆ ಒಂದು ಸಣ್ಣ ಶೆಡ್ಡು ಇತ್ತು. ಅವರು ಬಾಯಲ್ಲಿ ಏನೂ ಕಲಿಸಲಿಲ್ಲ. ನಾನು ಸ್ಪ್ಯಾನರ್ ತಿರುಗಿಸುವಾಗ ಪಕ್ಕದಲ್ಲಿ ನಿಂತು, ಜಾಸ್ತಿ ಹೋದೆ ಅಂತ ಕಂಡ ಕೂಡಲೇ ಮಣಿಕಟ್ಟಿಗೆ ಒಂದು ಬಿಡುತ್ತಿದ್ದರು. ಎರಡು ವರ್ಷ ಪೆಟ್ಟು ತಿಂದ ಮೇಲೆ ಕೈಗೆ ಗೊತ್ತಾಯಿತು. ಬೋಲ್ಟು ಮೊದಲು ಸುಮ್ಮನೆ ಬರುತ್ತದೆ, ಆಮೇಲೆ ಎದುರು ನಿಲ್ಲುತ್ತದೆ, ಆಮೇಲೆ ಒಂದು ಕ್ಷಣ ಸೋತ ಹಾಗೆ ಆಗಿ ಗಟ್ಟಿ ಕೂರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನನ್ನ ಗ್ಯಾರೇಜಿನಲ್ಲಿ ಮೂರನೇ ಸುತ್ತಿಗೆ ನಾನು ಯಾರನ್ನೂ ಬಿಟ್ಟವನಲ್ಲ. ಅಹಂಕಾರ ಅಂದರೆ ಹೌದು, ಅಹಂಕಾರವೇ. ಬೇರೆ ಆಸ್ತಿ ಎಂತದೂ ಇರಲಿಲ್ಲ.

ಆ ಆಸ್ತಿ ಸಕ್ಕರೆ ಕಾಯಿಲೆಯಲ್ಲಿ ಹೋಯಿತು. ಮೊದಲು ಬೆರಳ ತುದಿಯಲ್ಲಿ ಜೋಮು. ಬಂದು ಹೋಗುತ್ತದೆ ಅಂದುಕೊಂಡೆ. ಬಂತು, ಹೋಗಲಿಲ್ಲ. ಕಿಸೆಗೆ ಕೈ ಹಾಕಿದರೆ ಸಿಕ್ಕಿದ್ದು ಕೀಲಿಯೋ ವಾಷರೋ ಅಂತ ಹೊರಗೆ ತೆಗೆದು ನೋಡಿಯೇ ತಿಳಿಯಬೇಕು. ಡಾಕ್ಟರು ಕಣ್ಣು ಮುಚ್ಚಿಸಿ ಬೆರಳಿಗೆ ಒಂದು ನೂಲು ಮುಟ್ಟಿಸಿ "ಗೊತ್ತಾಗ್ತದಾ?" ಅಂತ ಕೇಳಿದರು. "ಆಗ್ತದೆ" ಅಂದೆ. ಕಣ್ಣು ತೆರೆದು ನೋಡಿದರೆ ನೂಲು ಅವರ ಮೇಜಿನ ಮೇಲಿತ್ತು. ಸತ್ತ ನರ ತಿರುಗಿ ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿ ಅಂದರು.

ಮನೆಯಲ್ಲಿ ಹೆಂಡತಿಗೆ ಸ್ವಲ್ಪ ಜೋಮು ಉಂಟು ಅಂತ ಮಾತ್ರ ಹೇಳಿದೆ. ಹೊರಗೆ ಯಾರಿಗೂ ಹೇಳಲಿಲ್ಲ. ನಮ್ಮ ಕಡೆ ಸುದ್ದಿ ಸಿಟಿ ಬಸ್ಸಿಗಿಂತ ಜೋರು ಹೋಗುತ್ತದೆ. ಕೈಗೆ ಸ್ಪರ್ಶ ಇಲ್ಲದ ಮೆಕ್ಯಾನಿಕ್ಕಿನ ಹತ್ತಿರ ಗಾಡಿ ಬಿಡುವವರು ಯಾರು? ನಾನಾದರೂ ಬಿಡುತ್ತಿದ್ದೆನಾ? ಒಮ್ಮೆ ಸ್ಕೂಟರ್ ಒಂದರ ಆಯಿಲ್ ಬೋಲ್ಟನ್ನು ಬಿಗಿದದ್ದು ಸಾಕಾಯಿತೋ ಇಲ್ಲವೋ ತಿಳಿಯದೆ ಇನ್ನೊಂದು ಎಳೆದೆ, ಮರೆ ಕಿತ್ತು ಕೈಗೆ ಬಂತು. ಹಳೆ ಮರೆ, ಮೊದಲೇ ಹೋಗಿತ್ತು ಅಂತ ಹೇಳಿ ನನ್ನ ಕೈಯಿಂದಲೇ ದುಡ್ಡು ಹಾಕಿ ಸರಿ ಮಾಡಿಸಿ ಕೊಟ್ಟೆ. ಅಂದಿನಿಂದ ಹೆಡ್ ಬಿಚ್ಚುವ ಕೆಲಸ ಬಂದರೆ ಏನಾದರೂ ನೆಪ ಹೇಳಿ ಕಳಿಸಲು ಶುರು ಮಾಡಿದೆ. ಪಾರ್ಟ್ ಸಿಗುವುದಿಲ್ಲ, ಪುರುಸೊತ್ತು ಇಲ್ಲ, ಬೆನ್ನು ನೋವು. ದಿನವಿಡೀ ನೆಪ ಹುಡುಕುವುದು ದಿನವಿಡೀ ದುಡಿಯುವುದಕ್ಕಿಂತ ಆಯಾಸ.

ಆದರೆ ಭಟ್ರಿಗೆ ನೆಪ ಹೇಳುವ ಹಾಗಿರಲಿಲ್ಲ. ಅವರು ಕದ್ರಿಯಲ್ಲಿರುವ ಪುರೋಹಿತರು. ವಯಸ್ಸು ಎಪ್ಪತ್ತು ದಾಟಿದೆ, ಈಗಲೂ ಮನೆ ಮನೆಗೆ ಪೂಜೆಗೆ ಹೋಗುತ್ತಾರೆ. ಅವರದ್ದು ನಾಲ್ಕು ದಶಕದ ಹಿಂದಿನ ಟು ಸ್ಟ್ರೋಕ್ ಮೋಟಾರ್ ಸೈಕಲ್. ನನ್ನ ಗ್ಯಾರೇಜು ಶುರುವಾದ ಮೊದಲ ವರ್ಷದಿಂದ ಅದಕ್ಕೆ ನನ್ನ ಕೈ ಬಿಟ್ಟರೆ ಬೇರೆ ಕೈ ಬಿದ್ದಿಲ್ಲ. ಮಗಳು ಅವರಿಗೊಂದು ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಟ್ಟಿದ್ದಾಳೆ. ಅದು ಅವರಿಗೆ ಆಗುವುದಿಲ್ಲ. ದಾರಿಯುದ್ದಕ್ಕೂ ಅಂದಿನ ಮಂತ್ರವನ್ನು ದೊಡ್ಡದಾಗಿ ಒಮ್ಮೆ ಹೇಳಿಕೊಳ್ಳುವುದು ಅವರ ಅಭ್ಯಾಸ.

"ಇದರ ಮೇಲೆ ಕೂತು ಎಷ್ಟು ಬೊಬ್ಬೆ ಹಾಕಿದರೂ ಯಾರಿಗೂ ಕೇಳುವುದಿಲ್ಲ ಮಾರಾಯ. ಆ ಸ್ಕೂಟರಿಗೆ ಶಬ್ದವೇ ಇಲ್ಲ. ಸಿಗ್ನಲಿನಲ್ಲಿ ನಿಂತರೆ ಜನ ನನ್ನನ್ನೇ ನೋಡ್ತಾರೆ" ಅನ್ನುತ್ತಾರೆ.

ದೀಪಾವಳಿ ಕಳೆದ ವಾರ ಅವರು ಗಾಡಿಯನ್ನು ತಳ್ಳಿಕೊಂಡೇ ಬಂದರು. ಎಳೆಯುವುದಿಲ್ಲ, ಹೆಡ್ಡಿನ ಹತ್ತಿರ ಉಸಿರು ಬಿಟ್ಟ ಹಾಗೆ ಶಬ್ದ ಬರುತ್ತದೆ ಅಂದರು. ನೋಡಿದೆ. ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಬಿಚ್ಚದೆ ಉಪಾಯವಿಲ್ಲ. "ನಿನ್ನ ಕೈ ಬಿದ್ದರೆ ಸರಿಯಾಗ್ತದೆ, ನನಗೆ ಅವಸರ ಇಲ್ಲ" ಅಂತ ಹೇಳಿ ಬಸ್ಸಿಗೆ ಹೋದರು. ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

ಹೆಡ್ ಬಿಚ್ಚಿದೆ. ಗಾಜಿನ ಮೇಲೆ ಎಮರಿ ಕಾಗದ ಹಾಕಿ ಅದರ ತಳವನ್ನು ಉಜ್ಜಿ ಸಮ ಮಾಡಿದೆ. ಹೊಸ ತಾಮ್ರದ ಗ್ಯಾಸ್ಕೆಟ್ಟನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆದು ಮಾಡಿದೆ. ಇದಕ್ಕೆಲ್ಲ ಕಣ್ಣು ಸಾಕು. ಬೋಲ್ಟಿನ ಹೊತ್ತಿಗೆ ಕೈ ಕಟ್ಟಿತು. ಆಗ ನೆನಪಾದದ್ದು ಟಾರ್ಕ್ ರೆಂಚು.

ಬಿಗಿಯನ್ನು ಅಳೆಯುವ ಉದ್ದ ಹಿಡಿಯ ಆ ಸಾಧನವನ್ನು ತಂದುಕೊಟ್ಟದ್ದು ನನ್ನ ಹೆಂಡತಿಯ ಅಣ್ಣ. ಗಲ್ಫಿನಲ್ಲಿ ಫಿಟ್ಟರ್ ಆಗಿದ್ದ ಭಾವ ಏಳು ವರ್ಷದ ಹಿಂದೆ ರಜೆಯಲ್ಲಿ ಬರುವಾಗ ಪೆಟ್ಟಿಗೆ ಸಮೇತ ತಂದಿದ್ದರು. ಹಿಡಿಯನ್ನು ತಿರುಗಿಸಿ ಬೇಕಾದ ಅಂಕಿಗೆ ಇಟ್ಟರೆ, ಬಿಗಿ ಅಷ್ಟಾದ ಕೂಡಲೇ 'ಟಕ್' ಅಂತ ಶಬ್ದ ಮಾಡುತ್ತದೆ. "ಅಲ್ಲಿ ಇದಿಲ್ಲದೆ ಒಂದು ನಟ್ಟನ್ನೂ ಮುಟ್ಟಲು ಬಿಡುವುದಿಲ್ಲ" ಅಂದಿದ್ದರು. "ಅಲ್ಲಿಯವರಿಗೆ ಕೈ ಇಲ್ಲವಾ ಭಾವ?" ಅಂತ ನಾನು ತಮಾಷೆ ಮಾಡಿದ್ದೆ. ತಿಂದು ತೇಗಿದವನ ಮಾತು.

ಆ ರೆಂಚನ್ನು ನಾನು ಒಮ್ಮೆಯೂ ಬಳಸಿರಲಿಲ್ಲ. ಆದರೆ ಪ್ರತಿ ವರ್ಷ ಆಯುಧ ಪೂಜೆಗೆ ಪೆಟ್ಟಿಗೆ ತೆರೆದು ಎಲ್ಲಕ್ಕಿಂತ ಮುಂದೆ ಇಡುತ್ತಿದ್ದೆ. ಫಾರಿನ್ ಸಾಮಾನು, ಚಂದ ಹೊಳೆಯುತ್ತದೆ. ಪೂಜೆ ಮಾಡುವವರೂ ಇದೇ ಭಟ್ರು. ಅದರ ಹಣೆಗೆ ಒಂದು ಬೊಟ್ಟು, ಹಿಡಿಗೆ ಒಂದು ಹೂ. ಎತ್ತಿನ ಕೊಂಬಿಗೆ ಬಣ್ಣ ಬಳಿದು ಹಟ್ಟಿಯಲ್ಲೇ ಕಟ್ಟಿ ಹಾಕಿದ ಹಾಗೆ ಏಳು ವರ್ಷ ಅದು ಪೆಟ್ಟಿಗೆಯಲ್ಲೇ ಇತ್ತು.

ಆ ದಿನ ತೆಗೆದೆ. ಗಾಡಿಯ ಹಳೆ ಪುಸ್ತಕದಲ್ಲಿ ಬಿಗಿಯ ಅಂಕಿ ಇತ್ತು, ಹಿಡಿಯನ್ನು ಆ ಅಂಕಿಗೆ ಇಟ್ಟೆ. ಮೂಲೆಯಿಂದ ಮೂಲೆಗೆ ಎರಡು ಸುತ್ತು ಸ್ಪ್ಯಾನರಿನಲ್ಲಿ, ಮೂರನೆಯದು ರೆಂಚಿನಲ್ಲಿ. ನಾಲ್ಕು ಬೋಲ್ಟಿಗೂ ಚೊಕ್ಕವಾಗಿ 'ಟಕ್' ಅಂತ ಹೇಳಿತು. ನನಗೆ ಎಷ್ಟು ಸಮಾಧಾನ ಆಯಿತೆಂದರೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕೈ ಹೋದರೆ ಹೋಗಲಿ, ಕಿವಿ ಇದೆಯಲ್ಲ ಅನ್ನಿಸಿತು. ಇನ್ನು ನೆಪ ಹೇಳುವುದು ಬೇಡ. ಇನ್ನೂ ಹತ್ತು ವರ್ಷ ನಡೆಸಬಹುದು. ಸಂಜೆ ಭಟ್ರು ಬಂದು ಗಾಡಿ ಸ್ಟಾರ್ಟ್ ಮಾಡಿ, ಶಬ್ದ ಕೇಳಿ, ತಲೆ ಅಲ್ಲಾಡಿಸಿ ಹೋದರು.

ಮೂರನೇ ದಿನ ಬೆಳಿಗ್ಗೆ ಅವರಿಗೆ ಬಜಪೆಯಲ್ಲಿ ಒಂದು ಗೃಹಪ್ರವೇಶ ಇತ್ತು. ಸೂರ್ಯ ಏರುವ ಮೊದಲಿನ ಮುಹೂರ್ತ. ಹೊಳೆ ದಾಟಿದ ಮೇಲಿನ ಏರಿನಲ್ಲಿ ಗಾಡಿ ಉಸಿರು ಬಿಟ್ಟು ನಿಂತಿತು. ಆ ಹೊತ್ತಿಗೆ ರಿಕ್ಷಾ ಸಿಗಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಮಡಿಯಲ್ಲಿ ಗಾಡಿ ತಳ್ಳಿಕೊಂಡು ಏರು ಹತ್ತಿದರು. ಮನೆ ತಲುಪುವಾಗ ಹೊತ್ತು ಮೀರಿತ್ತು. ಆ ಮನೆಯವರು ಪಕ್ಕದ ದೇವಸ್ಥಾನದಿಂದ ಬೇರೆಯವರನ್ನು ಕರೆಸಿ ಹಾಲು ಉಕ್ಕಿಸಿ ಮುಗಿಸಿದ್ದರು.

ಮಧ್ಯಾಹ್ನ ಒಂದು ಟೆಂಪೋದಲ್ಲಿ ಗಾಡಿ ಬಂತು, ಹಿಂದಿನಿಂದ ಭಟ್ರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. "ನನ್ನ ಆಯುಷ್ಯದಲ್ಲಿ ಮುಹೂರ್ತ ತಪ್ಪಿದ್ದು ಇದೇ ಮೊದಲು" ಅಂತ ಮಾತ್ರ ಹೇಳಿ, ಹೆಗಲಿನ ಶಾಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡಿ, "ಎಂತ ಆಗಿರಬಹುದು?" ಅಂತ ಕೇಳಿದರು.

"ಈಗಿನ ಗ್ಯಾಸ್ಕೆಟ್ ಸರಿ ಇಲ್ಲ ಭಟ್ರೆ. ತಾಮ್ರವೇ ಅಲ್ಲ ಅದು" ಅಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರು ಒಡನೆ ನಂಬಿದರು. "ಹೌದೌದು, ಈಗ ಅರಶಿನ ಕುಂಕುಮ ಕೂಡ ಅಸಲು ಸಿಗುವುದಿಲ್ಲ" ಅಂತ ನನಗೇ ಸಮಾಧಾನ ಹೇಳಿದರು. ಅಷ್ಟು ಸುಲಭವಾಗಿ ನಂಬಿದ್ದಕ್ಕೆ ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಅವರು ಹೋದ ಮೇಲೆ ಹೆಡ್ ಬಿಚ್ಚಿದೆ. ಸರಿಯಾಗಿ ಬಿಗಿದ ಬೋಲ್ಟನ್ನು ಬಿಚ್ಚುವಾಗ ಮೊದಲ ಎಳೆತಕ್ಕೆ 'ಕಟಕ್' ಅಂತ ಕೂಗುತ್ತದೆ. ನಾಲ್ಕರಲ್ಲಿ ಒಂದೂ ಕೂಗಲಿಲ್ಲ. ಡಬ್ಬಿಯ ಮುಚ್ಚಳದ ಹಾಗೆ ಸುಮ್ಮನೆ ಬಂದವು. ಗ್ಯಾಸ್ಕೆಟ್ಟಿನ ಒಂದು ಬದಿ ಹೊಗೆ ಸೋರಿ ಕಪ್ಪಾಗಿತ್ತು. ನಾನು ಬಿಗಿದದ್ದು ಸಾಲದೇ ಇತ್ತು. ಟಕ್ ಅಂದದ್ದು ಸುಳ್ಳು.

ಊರಿಗೆ ಬಂದು ನೆಲೆಸಿರುವ ಭಾವನಿಗೆ ಫೋನು ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಪೆಟ್ಟಿಗೆಯಲ್ಲಿ ಇಡುವಾಗ ಅಂಕಿ ಎಷ್ಟರಲ್ಲಿತ್ತು?"

"ಫುಲ್ಲಿನಲ್ಲಿ" ಅಂದೆ.

"ಕೆಳಗಿನ ಅಂಕಿಗೆ ಇಳಿಸಿ ಇಡಬೇಕು ಅಂತ ನಾನು ಹೇಳಿರಲಿಲ್ವಾ? ಒಳಗೆ ಸ್ಪ್ರಿಂಗ್ ಉಂಟು. ಏಳು ವರ್ಷ ಅದನ್ನು ಅಮುಕಿ ಇಟ್ಟರೆ ಬಲ ಉಳಿಯುತ್ತದಾ? ಈಗ ಅದು ಅರ್ಧಕ್ಕೇ ಟಕ್ ಅಂತದೆ. ಫುಲ್ಲಿನಲ್ಲಿ ಯಾಕೆ ಇಟ್ಟದ್ದು?"

ಹೇಳಲು ನಾಚಿಕೆಯಾಯಿತು. ಅವರು ಹೇಳಿದ್ದು ನೆನಪಿತ್ತು. ಆದರೆ ಮೊದಲ ಆಯುಧ ಪೂಜೆಯ ದಿನ ಹಿಡಿ ಕೆಳಗಿನ ಅಂಕಿಯಲ್ಲಿ ಇದ್ದದ್ದು ಕಂಡು ನನ್ನ ಮನಸ್ಸಿಗೆ ಸರಿಬರಲಿಲ್ಲ. ನಮ್ಮಲ್ಲಿ ದೇವರ ಮುಂದೆ ಬರಿದಾದದ್ದನ್ನು ಇಡುವ ಕ್ರಮ ಇಲ್ಲ. ಕಲಶಕ್ಕೆ ನೀರು ತುಂಬಿಸುತ್ತೇವೆ, ಸೇರಿಗೆ ಅಕ್ಕಿ ತುಂಬಿಸುತ್ತೇವೆ. ಇದೂ ಅಳೆಯುವ ಸಾಮಾನೇ ಅಲ್ಲವೇ, ಖಾಲಿ ಹೇಗೆ ಇಡುವುದು? ಅಂತ ಹಿಡಿ ತಿರುಗಿಸಿ ಕೊನೆಯ ಅಂಕಿಗೆ ತುಂಬಿಸಿದೆ. ಪೂಜೆಯಾದ ಮೇಲೆ ಹಾಗೇ ಪೆಟ್ಟಿಗೆಗೆ ಹೋಯಿತು. ಮರುವರ್ಷ ಹಾಗೇ ಹೊರಗೆ ಬಂತು. ಒಂದು ದಿನದ ಕೆಲಸ ಮಾಡದೆ, ಬಿಗಿದುಕೊಂಡೇ ಕೂತು ಅದು ಸವೆದು ಹೋಗಿತ್ತು. ಕೈ ಸರಿ ಇದ್ದಿದ್ದರೆ, ರೆಂಚು ಟಕ್ ಅಂದಾಗ ಇನ್ನೂ ಬಿಗಿ ಬಂದಿಲ್ಲ ಅಂತ ನನಗೆ ಅಲ್ಲೇ ಗೊತ್ತಾಗುತ್ತಿತ್ತು.

ಎರಡು ದಿನ ಗಾಡಿ ಹಾಗೇ ನಿಂತಿತ್ತು. ಹೊಸ ಗ್ಯಾಸ್ಕೆಟ್ ಬಂತು, ಕಾಯಿಸಿ ಅದ್ದಿ ಇಟ್ಟೆ. ಬೇರೆ ಮೆಕ್ಯಾನಿಕ್ಕನ್ನು ಕರೆಯಬಹುದಿತ್ತು. ಕರೆದರೆ ಸಂಜೆಯೊಳಗೆ ಪಂಪ್‌ವೆಲ್ ಸರ್ಕಲ್ಲಿನವರೆಗೆ ಸುದ್ದಿ. ಮೂರನೇ ಬೆಳಿಗ್ಗೆ ಭಟ್ರು ಬಂದರು. ಅಂದು ಅವರಿಗೆ ಪೂಜೆ ಇರಲಿಲ್ಲ. ಗ್ಯಾಸ್ಕೆಟ್ ಬಂದದ್ದು ನೋಡಿ, ಸ್ಟೂಲು ಎಳೆದು ಕೂತರು. ಇವತ್ತು ಗಾಡಿ ತೆಗೆದುಕೊಂಡೇ ಹೋಗುವುದು ಅಂತ ಅವರ ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

ಆಗ ಎರಡನೇ ಸುಳ್ಳು ಬಾಯಿಗೆ ಬಂತು. "ಭುಜ ಹಿಡಿದಿದೆ ಭಟ್ರೆ. ಬೋಲ್ಟು ನೀವು ತಿರುಗಿಸ್ತೀರಾ? ಎಷ್ಟಕ್ಕೆ ನಿಲ್ಲಿಸಬೇಕು ಅಂತ ನಾನು ಹೇಳ್ತೇನೆ."

"ನಾನಾ? ಜೀವಮಾನದಲ್ಲಿ ಸ್ಪ್ಯಾನರ್ ಹಿಡಿದವನಲ್ಲ ಮಾರಾಯ."

"ಕಷ್ಟ ಎಂತದೂ ಇಲ್ಲ."

ಅವರಿಗೆ ಒಳಗೊಳಗೆ ಖುಷಿಯೇ ಆಯಿತು. ಹೇಗೂ ಮನೆಗೆ ಹೋಗಿ ಸ್ನಾನ ಉಂಟು ಅಂತ ಪಂಚೆ ಮೇಲೆ ಕಟ್ಟಿ, ಶಾಲನ್ನು ಸೊಂಟಕ್ಕೆ ಸುತ್ತಿ ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಮೊದಲ ಸುತ್ತು, ಎರಡನೇ ಸುತ್ತು ಮುಗಿಯಿತು. ಪ್ರತಿಯೊಂದಕ್ಕೂ "ಸಾಕಾ?" ಅಂತ ಕೇಳುತ್ತಿದ್ದರು. ನಾನು ಅವರ ಬೆರಳ ಗೆಣ್ಣು ಬೆಳ್ಳಗಾಗುವುದನ್ನು, ಕತ್ತಿನ ನರ ಉಬ್ಬುವುದನ್ನು ನೋಡಿ ಅಂದಾಜಿನಲ್ಲಿ "ಸಾಕು" ಅನ್ನುತ್ತಿದ್ದೆ. ಮೂರನೇ ಸುತ್ತಿನ ಮೊದಲ ಮೂರು ಬೋಲ್ಟಿಗೂ ಹಾಗೇ ಹೇಳಿದೆ. ಪುಣ್ಯಕ್ಕೆ ಅವರು ನನ್ನ ಮುಖ ನೋಡುತ್ತಿರಲಿಲ್ಲ.

ನಾಲ್ಕನೆಯದನ್ನು ತಿರುಗಿಸುತ್ತಿದ್ದವರು ಅರ್ಧದಲ್ಲಿ ನಿಲ್ಲಿಸಿದರು. "ಇದು ಬೇರೆ ತರ ಉಂಟಲ್ಲಾ. ಎದುರು ನಿಲ್ಲುವುದಿಲ್ಲ. ಮೆತ್ತಗೆ ಬರ್ತಾ ಉಂಟು."

ಮೆತ್ತಗೆ ಬರುವುದಕ್ಕೆ ಎರಡೇ ಕಾರಣ. ಬೋಲ್ಟಿಗೆ ಆಯಿಲ್ ತಾಗಿದ್ದರೆ ಜಾರಿಕೊಂಡು ಬರುತ್ತದೆ, ಇನ್ನೂ ಸ್ವಲ್ಪ ತಿರುಗಿಸಿದರೆ ನಿಲ್ಲುತ್ತದೆ. ಒಳಗಿನ ಮರೆ ಕಿತ್ತು ಬರುತ್ತಿದ್ದರೂ ಹಾಗೇ ಬರುತ್ತದೆ. ಆಗ ಇನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಿಲಿಂಡರ್ ಮುಗಿಯಿತು, ಗಾಡಿಯೂ ಮುಗಿಯಿತು. ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲ.

"ನೀನೇ ಒಮ್ಮೆ ಹಿಡಿದು ನೋಡು. ಒಂದು ಸಲಕ್ಕೆ ಭುಜಕ್ಕೆ ಎಂತದೂ ಆಗುವುದಿಲ್ಲ" ಅಂದು ಸರಿದು ಜಾಗ ಕೊಟ್ಟರು.

ಕೂತೆ. ಸ್ಪ್ಯಾನರ್ ಹಿಡಿದೆ. ನನ್ನ ಬೆರಳು ಅದನ್ನು ಸುತ್ತಿಕೊಂಡದ್ದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಮೂವತ್ತೈದು ವರ್ಷದಲ್ಲಿ ಎಷ್ಟು ಸಾವಿರ ಬೋಲ್ಟುಗಳ ಮಾತು ಕೇಳಿದ ಕೈ. ಅಳು ಬಂತು. ಭಟ್ರು ಪಕ್ಕದಲ್ಲಿ ಕಾಯುತ್ತಿದ್ದರು. ಅಂದಾಜಿನಲ್ಲಿ ಇನ್ನೊಂದು ಮಾತು ಹೇಳಿ ಅವರ ಗಾಡಿಯನ್ನು ಕೊಲ್ಲುವ ಧೈರ್ಯ ನನಗೆ ಇರಲಿಲ್ಲ. ಸುಳ್ಳು ಹೇಳಿ ಹೇಳಿ ಸಾಕಾಗಿಯೂ ಹೋಗಿತ್ತು.

"ನನಗೆ ಗೊತ್ತಾಗುವುದಿಲ್ಲ ಭಟ್ರೆ" ಅಂದೆ. "ಭುಜ ಅಲ್ಲ. ಬೆರಳಿಗೆ ಎಂತದೂ ಗೊತ್ತಾಗುವುದಿಲ್ಲ. ಎರಡು ವರ್ಷ ಆಯ್ತು."

ರಸ್ತೆಯಲ್ಲಿ ಒಂದು ಬಸ್ಸು ಏರು ಹತ್ತಿ ಹೋಯಿತು.

"ಹಾಗಾದರೆ ಬಜಪೆಯಲ್ಲಿ?"

"ಗ್ಯಾಸ್ಕೆಟ್ ಸರಿ ಇತ್ತು. ಬಿಗಿದದ್ದು ಸರಿ ಇರಲಿಲ್ಲ."

ಅವರ ಮುಖದಲ್ಲಿ ಸಿಟ್ಟು ಬಂದು ಹೋದದ್ದು ಕಂಡೆ. ಬಂದದ್ದು ನ್ಯಾಯವೇ. ಶಾಲಿನ ತುದಿಗೆ ಕೈ ಒರೆಸಿಕೊಂಡು, ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡರು. "ಎಂತ ನೋಡಬೇಕು ಹೇಳು."

ಹೇಳಿದೆ. ನಿಧಾನ ತಿರುಗಿಸಿ, ಹಿಟ್ಟು ನಾದಿದ ಹಾಗೆ ಹೋಗುತ್ತಲೇ ಇದ್ದರೆ ಅಲ್ಲಿಗೇ ಬಿಡಿ. ಒಮ್ಮೆ ಸೋತ ಹಾಗೆ ಆಗಿ ಆಮೇಲೆ ಗಟ್ಟಿ ನಿಂತರೆ ಸರಿ. ನನಗೆ ಯಾರೂ ಬಾಯಲ್ಲಿ ಹೇಳದೇ ಇದ್ದದ್ದನ್ನು ನಾನು ಮೊದಲ ಸಲ ಬಾಯಲ್ಲಿ ಹೇಳಿದೆ. ಎರಡೇ ಮಾತಿನಲ್ಲಿ ಮುಗಿಯಿತು. ಇಷ್ಟೇ ಇದ್ದದ್ದಾ ಅನ್ನಿಸಿ ಬೇಸರವಾಯಿತು.

ಭಟ್ರು ಕಣ್ಣು ಮುಚ್ಚಿಕೊಂಡರು. ಸ್ಪ್ಯಾನರ್ ಅಲುಗಿತೋ ಇಲ್ಲವೋ ಅನ್ನುವಷ್ಟು ಮೆಲ್ಲ ಹೋಯಿತು. ಆಮೇಲೆ ನಿಂತಿತು.

"ಕೂತಿತು" ಅಂದರು.

ಸಾಮಾನು ಎತ್ತಿಡಲು ನಾನು ಸ್ಪ್ಯಾನರಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ.

"ಇರು. ಮೊದಲಿನ ಮೂರನ್ನೂ ಇನ್ನೊಮ್ಮೆ ನೋಡ್ತೇನೆ."

ಕತ್ತರಿಯಾಗಿಯೇ ಹೋದರು, ಒಂದು ಮೂಲೆ, ಆಮೇಲೆ ಎದುರು ಮೂಲೆ. ಎರಡು ಬೋಲ್ಟು ಇನ್ನೂ ಸ್ವಲ್ಪ ತಿರುಗಿದವು. ಪ್ರತಿಯೊಂದಕ್ಕೂ ಕಣ್ಣು ಮುಚ್ಚಿ ಕಾದು, ತಾವೇ ತಲೆ ಅಲ್ಲಾಡಿಸಿ ಮುಂದಿನದಕ್ಕೆ ಹೋದರು. ಸಾಕಾ ಅಂತ ನನ್ನನ್ನು ಕೇಳಲಿಲ್ಲ.